ಊರಿಗೆಲ್ಲ ತಿಳಿದ ಗುಟ್ಟು

ಪತ್ತೇದಾರಿ ಕಾದಂಬರಿಯಲ್ಲಿ ಏನೇನಿರಬೇಕೆಂಬುದು ಕನ್ನಡ ವಾಚಕರಿಗೆ ಚೆನ್ನಾಗಿ ಗೊತ್ತು. ಮೊದಲ ಪ್ರಕರಣದಲ್ಲಿ ಒಂದು ಹೆಣ, ಅನಂತರ ನಾಲ್ಕಾರು ಮಂದಿ ಶಂಕಿತರು, ಎಲ್ಲರಿಗಿಂತ ಒಂದು ಹೆಜ್ಜೆ ಮುಂದಿರುವ ಪತ್ತೇದಾರ, ಕೊನೆಯಲ್ಲಿ ಬೇಡಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಪಠ್ಯಪುಸ್ತಕದ ಮರೆಯಲ್ಲಿ ಅಡಗಿಸಿಟ್ಟುಕೊಂಡು ಓದಿದವರ ಮೊಮ್ಮಕ್ಕಳೂ ಇದೇ ನಿರೀಕ್ಷೆಯಿಂದ ಪುಸ್ತಕವನ್ನು ತೆರೆಯುತ್ತಾರೆ. ಅಂಥವರ ಕೈಗೆ ಟಾನಾ ಫ್ರೆಂಚ್ ಎಂಬ ಲೇಖಕಿಯ ‘ದಿ ಸರ್ಚರ್’ ಎಂಬ ಇಂಗ್ಲಿಷ್ ಕಾದಂಬರಿ ಬಂದರೆ ಆರಂಭದಲ್ಲಿಯೇ ತಾಳ್ಮೆ ತಪ್ಪುವುದು ಸಹಜ. ಹೆಣವಿಲ್ಲ, ರಕ್ತವಿಲ್ಲ. ನಡುವಯಸ್ಸಿನ ಒಬ್ಬ ಅಮೆರಿಕನ್ ಗೃಹಸ್ಥ ಪಾಳುಬಿದ್ದ ಮನೆಯೊಂದರ ಗೋಡೆಗಂಟಿದ ಹಳೆಯ ಕಾಗದವನ್ನು ಕಿತ್ತು ತೆಗೆಯುತ್ತಿದ್ದಾನೆ. ಅಂಗಳದ ಮರದಲ್ಲಿ ಗೂಡು ಕಟ್ಟಿಕೊಂಡಿರುವ ಕಾಗೆಯ ಜಾತಿಯ ಹಕ್ಕಿಗಳೊಡನೆ ಸ್ನೇಹ ಬೆಳೆಸಲು ಯತ್ನಿಸಿ ಅವುಗಳಿಂದ ತಿರಸ್ಕೃತನಾಗುತ್ತಿದ್ದಾನೆ. ಸಂಜೆ ಪಕ್ಕದ ಹೊಲದ ಮುದುಕ ಬೇಲಿಗೆ ಒರಗಿ ನಿಂತು ಹವೆಯ ವಿಚಾರ ಮಾತನಾಡಿ ಹೋಗುತ್ತಾನೆ. ಇದೆಂಥ ಪತ್ತೇದಾರಿ ಕತೆ?

ಪುಸ್ತಕ ಮುಗಿಸಿದ ಮೇಲೆ ಹಿಂದಿರುಗಿ ನೋಡಿದವರಿಗೆ ಮಾತ್ರ ತಿಳಿಯುತ್ತದೆ, ಬೇಲಿಗೆ ಒರಗಿ ಆಡಿದ ಆ ಮಾತುಗಳಲ್ಲಿ ಒಂದೂ ಬರಿಯ ಹವೆಯ ಮಾತಾಗಿರಲಿಲ್ಲವೆಂದು.

ಟಾನಾ ಫ್ರೆಂಚ್ ಹುಟ್ಟಿದ್ದು 1973ರಲ್ಲಿ, ಅಮೆರಿಕದಲ್ಲಿ. ಬಾಲ್ಯ ಕಳೆದದ್ದು ಐರ್ಲೆಂಡು, ಇಟಲಿ, ಆಫ್ರಿಕದ ಮಲಾವಿ ಮುಂತಾದ ಕಡೆ. 1990ರಿಂದ ಡಬ್ಲಿನ್ ನಗರವೇ ಆಕೆಯ ಊರು. ಅಲ್ಲಿನ ಟ್ರಿನಿಟಿ ಕಾಲೇಜಿನಲ್ಲಿ ಅಭಿನಯ ಕಲೆಯನ್ನು ಅಭ್ಯಾಸ ಮಾಡಿ ಕೆಲಕಾಲ ರಂಗಭೂಮಿಯಲ್ಲಿ ದುಡಿದವಳು. ಪಾತ್ರಗಳ ಮಾತನ್ನು ಆಕೆ ಬರೆಯುವ ರೀತಿಯಲ್ಲಿ ಈ ನಟಿಯ ಕಿವಿ ಎದ್ದು ಕಾಣುತ್ತದೆ. 2007ರಲ್ಲಿ ಬಂದ ‘ಇನ್ ದ ವುಡ್ಸ್’ ಮೊದಲ ಕಾದಂಬರಿ. ಅದರೊಂದಿಗೆ 2016ರವರೆಗೆ ಡಬ್ಲಿನ್ನಿನ ಕೊಲೆ ತನಿಖೆಯ ಪೋಲೀಸರನ್ನು ಕುರಿತು ಆರು ಕಾದಂಬರಿಗಳು ಬಂದವು. 2020ರ ‘ದಿ ಸರ್ಚರ್’ನಲ್ಲಿ ಆಕೆ ನಗರವನ್ನೂ ಪೋಲೀಸು ಕಚೇರಿಯನ್ನೂ ಬಿಟ್ಟು ಐರ್ಲೆಂಡಿನ ಪಶ್ಚಿಮದ ಹಳ್ಳಿಗೆ ಬಂದಿದ್ದಾಳೆ. ಆರ್ಡ್‌ನಕೆಲ್ಟಿ ಎಂಬ ಆ ಹಳ್ಳಿ ಕಲ್ಪಿತವಾದದ್ದು. ಒಂದು ಅಂಗಡಿ, ಒಂದು ಪಾನಗೃಹ, ಒಂದು ಚರ್ಚು, ಸುತ್ತ ಕಲ್ಲಿನ ಗೋಡೆಗಳ ನಡುವೆ ಹಸಿರು ಹೊಲಗಳು, ಅವುಗಳ ಹಿಂದೆ ಜೌಗು ತುಂಬಿದ ಬೆಟ್ಟ. ಪೋಲೀಸು ಠಾಣೆ ಇರುವುದು ಪಕ್ಕದ ಪಟ್ಟಣದಲ್ಲಿ.

ಕಥಾನಾಯಕನ ಹೆಸರು ಕ್ಯಾಲ್ ಹೂಪರ್. ಷಿಕಾಗೋ ನಗರದ ಪೋಲೀಸಿನಲ್ಲಿ 25 ವರ್ಷ ದುಡಿದು ನಿವೃತ್ತನಾದವನು. ಮಡದಿಯೊಡನೆ ಸಂಬಂಧ ಹರಿದಿದೆ. ಬೆಳೆದ ಮಗಳೊಡನೆ ದೂರವಾಣಿಯ ಮಾತಷ್ಟೇ ಉಳಿದಿದೆ. ತಾನು ಮಾಡುತ್ತಿರುವುದು ಸರಿಯೆ ತಪ್ಪೆ ಎಂಬ ಗೆರೆ ತನ್ನ ಕಣ್ಣಿಗೇ ಮಸುಕಾಗುತ್ತಿದೆಯೆಂದು ತೋರಿದಾಗ ಕೆಲಸ ಬಿಟ್ಟು, ಯಾರೂ ತನ್ನನ್ನು ಅರಿಯದ, ತಾನೂ ಯಾರನ್ನೂ ಅರಿಯದ ಮೂಲೆಯೊಂದನ್ನು ಹುಡುಕಿಕೊಂಡು ಬಂದಿದ್ದಾನೆ. ಇಂಥ ಮೂಲೆ ಪ್ರಪಂಚದಲ್ಲಿದ್ದರೆ ಅದು ನಗರದಲ್ಲಿಯೇ ಹೊರತು ಹಳ್ಳಿಯಲ್ಲಲ್ಲ ಎಂಬುದು ಪಾಪ, ಆತನಿಗೆ ತಿಳಿಯದು. ಬಂದ ಕೆಲವು ದಿನಗಳಲ್ಲೇ ಅಂಗಡಿಯ ನೊರೀನ್ ಅವನಿಗೆ ತನ್ನ ವಿಧವೆ ತಂಗಿ ಲೀನಾಳನ್ನು ಗಂಟುಹಾಕುವ ಯೋಜನೆಯಲ್ಲಿ ತೊಡಗಿದ್ದಾಳೆ.

ಅಷ್ಟರಲ್ಲಿ ಯಾರೋ ತನ್ನ ಮನೆಯನ್ನು ಕದ್ದು ನೋಡುತ್ತಿರುವರೆಂಬ ಅನುಮಾನ ಕ್ಯಾಲನಿಗೆ ಬರುತ್ತದೆ. ಹಳೆಯ ಪೋಲೀಸಿನವನ ಬೆನ್ನಿನ ಚರ್ಮಕ್ಕೆ ಇದು ಬೇಗ ತಿಳಿಯುತ್ತದೆ. ಹಾಗೆ ಕದ್ದು ನೋಡುತ್ತಿದ್ದುದು ಬೆಟ್ಟದ ಮೇಲಿನ ಬಡ ಮನೆಯೊಂದರ 13 ವರ್ಷದ ಮಗು, ಟ್ರೇ ರೆಡ್ಡಿ. (ರೆಡ್ಡಿ ಎಂಬ ಹೆಸರನ್ನು ಕಂಡು ಬೆಚ್ಚಬೇಕಾಗಿಲ್ಲ. ಐರ್ಲೆಂಡಿನಲ್ಲಿಯೂ ಆ ಹೆಸರಿನ ಮನೆತನಗಳುಂಟು. ದಕ್ಷಿಣ ಭಾರತದ ರೆಡ್ಡಿಗಳಿಗೂ ಅವರಿಗೂ ಯಾವ ನಂಟೂ ಇಲ್ಲ.) ಮಗು ಮಾತನಾಡುವುದಿಲ್ಲ. ಬರುತ್ತದೆ, ಕ್ಯಾಲ್ ದುರಸ್ತಿ ಮಾಡುತ್ತಿರುವ ಹಳೆಯ ಬರೆಯುವ ಮೇಜಿನ ಮುಂದೆ ಕುಳಿತು ಉಜ್ಜುಕಾಗದ ಹಿಡಿದು ಮರ ಉಜ್ಜುತ್ತದೆ, ಕೊಟ್ಟದ್ದನ್ನು ಹಸಿದ ನಾಯಿಯಂತೆ ತಿನ್ನುತ್ತದೆ, ಹೇಳದೆ ಎದ್ದು ಹೋಗುತ್ತದೆ. ಹೀಗೆ ಎಷ್ಟೋ ದಿನ ಕಳೆದ ಮೇಲೆ ಒಂದು ದಿನ ಬಾಯಿ ಬಿಡುತ್ತದೆ. ಅದರ ಅಣ್ಣ ಬ್ರೆಂಡನ್, 19 ವರ್ಷದವನು, ತಿಂಗಳುಗಳ ಹಿಂದೆ ಮನೆಯಿಂದ ಹೊರಟವನು ಮತ್ತೆ ಬಂದಿಲ್ಲ. ಅವನನ್ನು ಹುಡುಕಿಕೊಡಬೇಕು.

ಕಾದಂಬರಿಯ ರಹಸ್ಯವೆಂದರೆ ಇಷ್ಟೆ. ಆದರೆ ಇದು ರಹಸ್ಯವೇ ಅಲ್ಲವೆಂದು ಊರಿನವರ ಅಭಿಪ್ರಾಯ. ಹುಡುಗ ಹೊರಟುಹೋದ, ಅಷ್ಟೆ. ಡಬ್ಲಿನ್ನಿಗೋ ಸ್ಕಾಟ್‌ಲೆಂಡಿಗೋ ಹೋಗಿರಬೇಕು. ಅಪ್ಪ ಲಂಡನ್ನಿಗೆ ಹೋದವನು ತಿರುಗಿ ನೋಡಲಿಲ್ಲ, ಮಗನೂ ಹಾಗೆಯೇ. ಪೋಲೀಸರ ಹತ್ತಿರ ಹೋಗುವಂಥದ್ದು ಇದರಲ್ಲೇನಿದೆ?

ಈ ಒಂದು ಉತ್ತರದಲ್ಲಿ ಐರ್ಲೆಂಡಿನ ಇನ್ನೂರು ವರ್ಷಗಳ ಇತಿಹಾಸ ಅಡಗಿದೆ. 1841ರ ಜನಗಣತಿಯಲ್ಲಿ ಆ ದ್ವೀಪದ ಜನಸಂಖ್ಯೆ 80 ಲಕ್ಷವನ್ನು ಮೀರಿತ್ತು. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಬಂದ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಮಂದಿ ಸತ್ತರು. ಅಷ್ಟೇ ಮಂದಿ, ಬಹುಶಃ ಇನ್ನೂ ಹೆಚ್ಚು, ಹಡಗು ಹತ್ತಿದರು. ಕ್ಷಾಮ ಮುಗಿದರೂ ಹಡಗು ಹತ್ತುವುದು ನಿಲ್ಲಲಿಲ್ಲ. 2022ರ ಗಣತಿಯಲ್ಲಿ ಐರಿಷ್ ಗಣರಾಜ್ಯದ ಜನಸಂಖ್ಯೆ 51 ಲಕ್ಷಕ್ಕೆ ಬಂದು ಮುಟ್ಟಿದಾಗ ಪತ್ರಿಕೆಗಳು ಅದನ್ನು ದೊಡ್ಡ ಸುದ್ದಿಯಾಗಿ ಬರೆದವು. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ 19 ಲಕ್ಷವನ್ನು ಕೂಡಿಸಿದರೂ 1841ರ ಸಂಖ್ಯೆ ಬರಲಿಲ್ಲ. ಪ್ರತಿಯೊಂದು ಹಳ್ಳಿಯಲ್ಲಿಯೂ ಪ್ರತಿಯೊಂದು ಮನೆಯಿಂದಲೂ ಒಬ್ಬಿಬ್ಬರು ಹೊರಟು ಹೋಗಿರುವ ನಾಡಿನಲ್ಲಿ, ಹೊರಟುಹೋದವನನ್ನು ಕುರಿತು ಯಾರೂ ಪ್ರಶ್ನೆ ಕೇಳುವುದಿಲ್ಲ. ಕೊಲೆಯೊಂದನ್ನು ಮುಚ್ಚಬೇಕೆಂದಿರುವವನಿಗೆ ಇದಕ್ಕಿಂತ ಒಳ್ಳೆಯ ಹೊದಿಕೆ ಎಲ್ಲಿ ಸಿಕ್ಕೀತು! ಅವನು ಸುಳ್ಳು ಹೇಳಬೇಕಾದದ್ದೂ ಇಲ್ಲ. ಊರಿನವರೇ ವಾಡಿಕೆಯ ಪ್ರಕಾರ ಹೇಳಿಬಿಡುತ್ತಾರೆ.

ಇಂಗ್ಲೆಂಡಿನ ಹಳ್ಳಿಯ ಪತ್ತೇದಾರಿ ಕತೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ವಾಸಿಸುವ ಸೇಂಟ್ ಮೇರಿ ಮೀಡ್ ಎಂಬ ಹಳ್ಳಿಯನ್ನು ಇಲ್ಲಿಯ ವಾಚಕರೂ ಬಲ್ಲರು. 1930ರ ‘ದಿ ಮರ್ಡರ್ ಅಟ್ ದ ವಿಕರೇಜ್’ ಮೊದಲುಗೊಂಡು ಆ ಕತೆಗಳಲ್ಲೆಲ್ಲ ಹಳ್ಳಿಯೆಂಬುದು ಮೂಲತಃ ನೆಮ್ಮದಿಯ ತಾಣ. ಒಬ್ಬ ದುಷ್ಟ ಆ ನೆಮ್ಮದಿಯನ್ನು ಕದಡುತ್ತಾನೆ. ಅವನನ್ನು ಹಿಡಿದೊಡನೆ ಹೂದೋಟಗಳು ಮತ್ತೆ ಹೂದೋಟಗಳಾಗುತ್ತವೆ. ಅಲ್ಲಿ ಯಾರಿಗೂ ತಿಳಿಯದ್ದು ಪತ್ತೇದಾರಿಣಿಯೊಬ್ಬಳಿಗೆ ತಿಳಿಯುತ್ತದೆ. ಆರ್ಡ್‌ನಕೆಲ್ಟಿಯಲ್ಲಿ ಇದು ತಲೆಕೆಳಗು. ಅಲ್ಲಿ ಎಲ್ಲರಿಗೂ ಅಷ್ಟಷ್ಟು ತಿಳಿದಿದೆ, ತಿಳಿಯದವನು ಪತ್ತೇದಾರನೊಬ್ಬನೇ. ಅವನು ಹುಡುಕುತ್ತಿರುವುದು ಅಪರಾಧಿಯ ಗುಟ್ಟನ್ನಲ್ಲ, ಇಡೀ ಊರು ಒಟ್ಟುಗೂಡಿ ಆಡದೆ ಇರುವ ಮಾತನ್ನು.

ಆಡದಿರುವುದು ಆ ನಾಡಿನ ಹಳ್ಳಿಗರಿಗೆ ಹಿಂದೊಮ್ಮೆ ಆಯುಧವೂ ಆಗಿತ್ತು. 1880ರಲ್ಲಿ ಮೇಯೋ ಜಿಲ್ಲೆಯ ರೈತರು ಒಬ್ಬ ಜಮೀನ್ದಾರನ ಪಾರುಪತ್ಯಗಾರನ ಮೇಲೆ ಕೋಪಗೊಂಡು ಅವನ ಮೇಲೆ ಕೈ ಮಾಡಲಿಲ್ಲ, ಸುಮ್ಮನಾದರು. ಆಳು ಕೆಲಸಕ್ಕೆ ಬರಲಿಲ್ಲ, ಅಂಗಡಿಯವನು ಸಾಮಾನು ಕೊಡಲಿಲ್ಲ, ಎದುರಿಗೆ ಬಂದವರು ಮಾತನಾಡಿಸಲಿಲ್ಲ. ಬೆಳೆ ಕೊಯ್ಯಲು ದೂರದಿಂದ ಆಳುಗಳನ್ನು ಕರೆಸಬೇಕಾಯಿತು, ಅವರ ಕಾವಲಿಗೆ ಸೈನ್ಯ ಬರಬೇಕಾಯಿತು. ವರ್ಷ ಮುಗಿಯುವ ಮುನ್ನ ಆತ ಊರು ಬಿಟ್ಟ. ಅವನ ಹೆಸರು ಕ್ಯಾಪ್ಟನ್ ಬಾಯ್ಕಾಟ್. ಆ ಹೆಸರೇ ಇಂದು ಬಹಿಷ್ಕಾರಕ್ಕೆ ಪರ್ಯಾಯಪದವಾಗಿ ಕನ್ನಡ ಪತ್ರಿಕೆಗಳಲ್ಲಿಯೂ ಅಚ್ಚಾಗುತ್ತದೆ. ಪರರ ಆಳ್ವಿಕೆಯಲ್ಲಿ ನರಳಿದ ರೈತನಿಗೆ ಪೋಲೀಸು ತನ್ನವನಲ್ಲ, ಕೋರ್ಟು ತನ್ನದಲ್ಲ. ಸುದ್ದಿ ಕೊಡುವವನೇ ಎಲ್ಲರಿಗಿಂತ ನೀಚ. ಲಯಮ್ ಓ’ಫ್ಲಾಹರ್ಟಿ 1925ರಲ್ಲಿ ತನ್ನ ಪ್ರಸಿದ್ಧ ಕಾದಂಬರಿಗೆ ‘ದಿ ಇನ್ಫಾರ್ಮರ್’ ಎಂದು ಹೆಸರಿಟ್ಟಾಗ ಐರಿಷ್ ಓದುಗನಿಗೆ ಹೆಚ್ಚಿನ ವಿವರಣೆ ಬೇಕಾಗಿರಲಿಲ್ಲ.

ಆದರೆ ಪರರು ಹೋದ ಮೇಲೆ ಆ ಆಯುಧವನ್ನು ಕೆಳಗಿಡಲಿಲ್ಲವಲ್ಲ, ತೊಡಕಿರುವುದು ಅಲ್ಲಿಯೇ. 1958ರಲ್ಲಿ ಕೆರಿ ಜಿಲ್ಲೆಯಲ್ಲಿ ಹೊಲದ ಗಡಿಯ ವ್ಯಾಜ್ಯವೊಂದರ ಹಿನ್ನೆಲೆಯಲ್ಲಿ ಒಬ್ಬ ರೈತನ ಕೊಲೆಯಾಯಿತು; ಯಾರಿಗೂ ಶಿಕ್ಷೆಯಾಗಲಿಲ್ಲ. ಅದರಿಂದ ಪ್ರೇರಿತನಾಗಿ ಜಾನ್ ಬಿ. ಕೀನ್ ಬರೆದ ‘ದ ಫೀಲ್ಡ್’ ನಾಟಕ 1965ರಲ್ಲಿ ಡಬ್ಲಿನ್ನಿನಲ್ಲಿ ರಂಗವನ್ನೇರಿತು. ವರ್ಷಾನುಗಟ್ಟಲೆ ಬಾಡಿಗೆಗೆ ಹಿಡಿದು ಗೊಬ್ಬರ ಹಾಕಿ ಬೆಳೆಸಿದ ಹೊಲವನ್ನು ಹೊರಗಿನವನೊಬ್ಬ ಹೆಚ್ಚು ಹಣ ಕೊಟ್ಟು ಕೊಳ್ಳಲು ಬಂದಾಗ ಬುಲ್ ಮಕ್‌ಕೇಬ್ ಎಂಬ ರೈತ ಮಗನೊಡನೆ ಸೇರಿ ಅವನನ್ನು ಬಡಿದು ಕೊಲ್ಲುತ್ತಾನೆ. ಪಾನಗೃಹದಲ್ಲಿ ಕುಳಿತವರಿಗೆಲ್ಲ ಗೊತ್ತು. ಬಿಷಪ್ಪನೇ ಬಂದು ವೇದಿಕೆಯಿಂದ ಗುಡುಗಿದರೂ ಯಾರೂ ಬಾಯಿ ಬಿಡುವುದಿಲ್ಲ. ಇದಕ್ಕೂ ಮೊದಲೇ, 1907ರಲ್ಲಿ, ಜೆ. ಎಂ. ಸಿಂಜ್ ‘ದ ಪ್ಲೇಬಾಯ್ ಆಫ್ ದ ವೆಸ್ಟರ್ನ್ ವರ್ಲ್ಡ್’ ನಾಟಕದಲ್ಲಿ ಇದನ್ನೇ ಹಾಸ್ಯವಾಗಿ ತೋರಿಸಿದ್ದ. ಅಪ್ಪನನ್ನು ಕೊಂದು ಬಂದೆನೆಂದು ಹೇಳಿಕೊಂಡ ಹುಡುಗನನ್ನು ಮೇಯೋದ ಹಳ್ಳಿಯೊಂದು ಅಡಗಿಸಿಟ್ಟು ಆದರಿಸುತ್ತದೆ. ಡಬ್ಲಿನ್ನಿನ ಅಬೀ ರಂಗಮಂದಿರದಲ್ಲಿ ಆ ನಾಟಕಕ್ಕೆ ಪ್ರೇಕ್ಷಕರು ಗಲಭೆ ಎಬ್ಬಿಸಿದರು. ಟಾನಾ ಫ್ರೆಂಚ್ ಈ ಸಾಲಿನವಳು. ಹೊಸ ವಿಷಯವನ್ನೇನೂ ಆಕೆ ತಂದಿಲ್ಲ. ಆದರೆ ಹಿಂದಿನವರು ಅಷ್ಟಾಗಿ ಕೇಳದಿದ್ದ ಒಂದು ಪ್ರಶ್ನೆಯನ್ನು ಕೇಳಿದ್ದಾಳೆ. ಊರೆಲ್ಲ ಸೇರಿ ಸುಮ್ಮನಿದ್ದರೆ ಆ ಮೌನದ ತೆರಿಗೆಯನ್ನು ಕಟ್ಟುವವರು ಯಾರು?

ಈ ಪ್ರಶ್ನೆಗೆ ಬರುವ ಮುನ್ನ ಮಾರ್ಟ್ ಲ್ಯಾವಿನ್ನನ ವಿಚಾರ ಹೇಳಬೇಕು. ಆರಂಭದಲ್ಲಿ ಬೇಲಿಗೆ ಒರಗಿ ನಿಂತ ಮುದುಕ ಇವನೇ. ಕಾದಂಬರಿಯಲ್ಲಿ ಇವನಿಗಿಂತ ಮಿಗಿಲಾದ ಪಾತ್ರವಿಲ್ಲ. ಮದುವೆಯಾಗಿಲ್ಲ, ಪಶ್ಚಿಮ ಐರ್ಲೆಂಡಿನ ಹೊಲಗಳಲ್ಲಿ ಒಂಟಿಯಾಗಿ ಮುಪ್ಪಾದ ಎಷ್ಟೋ ಗಂಡಸರಲ್ಲಿ ಇವನೊಬ್ಬ. ಸಂಧಿವಾತದಿಂದ ಕಾಲು ಎಳೆಯುತ್ತದೆ. ಜೊತೆಗೆ ಒಂದು ನಾಯಿ. ಟೆಲಿವಿಷನ್ನಿನ ಪತ್ತೇದಾರನೊಬ್ಬನ ಹೆಸರಾದ ಕೋಜಾಕ್ ಎಂಬುದೇ ಅದರ ಹೆಸರು. ಅಂಗಡಿಯ ನೊರೀನಳೊಡನೆ ಜಗಳವಾಗಿರುವುದರಿಂದ ಕ್ಯಾಲನ ಕೈಯಲ್ಲಿ ಬಿಸ್ಕತ್ತು ತರಿಸಿಕೊಳ್ಳುತ್ತಾನೆ. ಇಷ್ಟು ವಿನೋದಿಯಾದ, ಇಷ್ಟು ಉಪಕಾರಿಯಾದ ನೆರೆಯವನು ಯಾವ ಪರದೇಶಿಗೆ ತಾನೆ ಸಿಕ್ಕಿಯಾನು? ವಾಚಕರು ಅವನನ್ನು ಪ್ರೀತಿಸತೊಡಗುತ್ತಾರೆ. ಕ್ಯಾಲನೂ ಪ್ರೀತಿಸತೊಡಗುತ್ತಾನೆ. ಅನಂತರ, ಎಲ್ಲಿಂದ ಎಂದು ಹೇಳಲಾಗದಂತೆ, ಆ ವಿನೋದದ ಅಡಿಯಲ್ಲಿ ಬೇರೊಂದು ದನಿ ಕೇಳಿಸತೊಡಗುತ್ತದೆ. ಊರಿನ ಕುರಿಗಳು ಒಂದೊಂದಾಗಿ ರಾತ್ರಿಯ ವೇಳೆ ವಿಕಾರವಾಗಿ ಕೊಲೆಯಾಗುತ್ತಿವೆ. ಮಾರ್ಟ್ ಅದನ್ನು ಕುರಿತು ತಮಾಷೆಯಾಗಿಯೇ ಮಾತನಾಡುತ್ತಾನೆ. ಆದರೆ ರಾತ್ರಿ ಬಂದೂಕು ಹಿಡಿದು ಕಾವಲು ಕೂರುತ್ತಾನೆ.

ಪಾನಗೃಹದ ಪ್ರಕರಣವಂತೂ ಅದ್ಭುತ. ಒಂದು ರಾತ್ರಿ ಊರಿನ ಗಂಡಸರು ಕ್ಯಾಲನನ್ನು ನಡುವೆ ಕೂರಿಸಿಕೊಂಡು ಬೆಟ್ಟದಲ್ಲಿ ಇಳಿಸಿದ ಕಳ್ಳಭಟ್ಟಿ ಕುಡಿಸುತ್ತಾರೆ. ಹಾಡು, ಪಿಟೀಲು, ನಗೆ. ತನ್ನನ್ನು ತಮ್ಮವನಾಗಿ ಮಾಡಿಕೊಂಡರಲ್ಲ ಎಂಬ ಸಂತೋಷದಲ್ಲಿ ಅವನು ತೇಲುತ್ತಿರುವಾಗ, ಒಂದು ಕತೆಗೂ ಇನ್ನೊಂದು ಕತೆಗೂ ನಡುವೆ, ಯಾರೂ ದನಿಯೆತ್ತದೆ, ಬ್ರೆಂಡನ್ನನ ವಿಚಾರ ಕೇಳುವುದನ್ನು ಬಿಡು ಎಂಬ ಮಾತು ಅವನಿಗೆ ತಲುಪುತ್ತದೆ. ಬೆದರಿಕೆಯೆಂದು ಎತ್ತಿ ತೋರಿಸಬಹುದಾದ ವಾಕ್ಯ ಅಲ್ಲಿ ಒಂದೂ ಇಲ್ಲ. ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬೇಕಾಗಿ ಬಂದರೆ ಕ್ಯಾಲ್ ಏನು ಹೇಳಬಲ್ಲ? ಕುಡಿದೆವು, ಹಾಡಿದೆವು, ಮನೆಗೆ ಬಂದೆ. ಬಂದೂಕು ಚಾಕುಗಳ ಪತ್ತೇದಾರಿ ಕತೆಗಳಲ್ಲಿ ಇಂಥ ಭಯ ವಿರಳ.

ಮಾರ್ಟ್ ದುಷ್ಟನಲ್ಲ. ಹಾಗಿದ್ದಿದ್ದರೆ ಪುಸ್ತಕ ಸುಲಭವಾಗುತ್ತಿತ್ತು. ಅವನಿಗೆ ತನ್ನ ಊರು ಬೇಕು. ತರುಣರು ಹೊರಟುಹೋಗುತ್ತಿದ್ದಾರೆ, ನಗರದಿಂದ ಮಾದಕದ್ರವ್ಯದ ವ್ಯಾಪಾರ ಕೈ ಚಾಚುತ್ತಿದೆ. ಉಳಿದಿರುವ ನಾಲ್ಕು ಮನೆಗಳನ್ನು ಉಳಿಸಿಕೊಳ್ಳಲು ಏನು ಬೇಕಾದರೂ ಮಾಡಬೇಕೆಂಬುದು ಅವನ ನಂಬಿಕೆ. ಅವನ ವಾದವನ್ನು ಕೇಳುವಾಗ ತಲೆಯಾಡಿಸದಿರುವುದು ಕಷ್ಟ. ತನ್ನ ಊರನ್ನು ಕಾಯುತ್ತೇನೆಂದು ಹೊರಟವನು ಯಾರಿಂದ ಯಾರನ್ನು ಕಾಯುತ್ತಿದ್ದಾನೆ, ಬೆಟ್ಟದ ಮೇಲಿನ ಬಡಮನೆ ಆ ಊರಿನ ಲೆಕ್ಕಕ್ಕೆ ಸೇರಿದೆಯೆ ಇಲ್ಲವೆ, ಎಂದು ಕೇಳುವವರು ಯಾರೂ ಇಲ್ಲ. ಕೇಳುವುದು ಒಂದು ಮಗು ಮಾತ್ರ.

ಅಲ್ಲಿಗೆ ತೆರಿಗೆಯ ಪ್ರಶ್ನೆ ಬರುತ್ತದೆ. ಗಂಡ ಬಿಟ್ಟುಹೋದ, ಹಿರಿಯ ಮಗನ ಸುಳಿವಿಲ್ಲದ, ಚಿಕ್ಕ ಮಕ್ಕಳ ದಂಡನ್ನು ಸಾಕುತ್ತಿರುವ ಶೀಲಾ ರೆಡ್ಡಿ ಎಂಬ ತಾಯಿ ಕಾದಂಬರಿಯಲ್ಲಿ ಕೆಲವೇ ಪುಟಗಳಲ್ಲಿ ಬರುತ್ತಾಳೆ. (ಶೀಲಾ ಎಂಬುದೂ ಅಲ್ಲಿಯದೇ ಹೆಸರು.) ಮಗ ತಾನಾಗಿಯೇ ಹೋದನೆಂದು ಎಲ್ಲರಂತೆ ಆಕೆಯೂ ಹೇಳುತ್ತಾಳೆ. ಆಕೆ ಅದನ್ನು ನಂಬಿದ್ದಾಳೆಯೆ? ನಂಬದೆ ಇರುವಷ್ಟು ಸ್ವಾತಂತ್ರ್ಯ ಆಕೆಗೆ ಇದೆಯೆ? ಒಂದು ರಾತ್ರಿ ಟ್ರೇ ಪೆಟ್ಟು ತಿಂದು ಮುಖವೆಲ್ಲ ಊದಿಸಿಕೊಂಡು ಕ್ಯಾಲನ ಬಾಗಿಲಿಗೆ ಬರುತ್ತದೆ. ಆ ಪೆಟ್ಟು ಯಾರ ಕೈಯಿಂದ ಬಿತ್ತು, ಏಕೆ ಬಿತ್ತು ಎಂಬುದನ್ನು ಇಲ್ಲಿ ಹೇಳುವುದು ವಾಚಕರಿಗೆ ಮಾಡುವ ಅನ್ಯಾಯ. ಆದರೆ ಅದನ್ನು ತಿಳಿದ ಗಳಿಗೆಯಲ್ಲಿ ಪುಸ್ತಕವನ್ನು ಮಡಿಲಲ್ಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂರದ ಓದುಗರು ಕಡಮೆ. ಬ್ರೆಂಡನ್ ಏನಾದ ಎಂಬ ರಹಸ್ಯಕ್ಕಿಂತ ಈ ಚಿಕ್ಕ ರಹಸ್ಯವೇ ಹೆಚ್ಚು ಘೋರವಾದದ್ದು.

ಬ್ರೆಂಡನ್ನನ ವಿಚಾರದಲ್ಲಿ ಒಂದು ಮಾತು. ಐರ್ಲೆಂಡಿನ ಜೌಗು ನೆಲ ಸಾಮಾನ್ಯವಾದ ಕೆಸರಲ್ಲ. ಸಾವಿರಾರು ವರ್ಷಗಳಿಂದ ಸಸ್ಯಗಳು ಕೊಳೆಯದೆ ಪದರ ಪದರವಾಗಿ ಕೂಡಿಕೊಂಡು ಆದ ಕಪ್ಪು ನೆಲ. ಅದನ್ನು ಇಟ್ಟಿಗೆಯಂತೆ ಕೊಯ್ದು ಒಣಗಿಸಿ ಒಲೆಗೆ ಉರುವಲು ಮಾಡುತ್ತಾರೆ. ಹುಳಿಗಟ್ಟಿದ, ಗಾಳಿಯಾಡದ ಆ ನೆಲದಲ್ಲಿ ಹೂತದ್ದು ಬೇಗ ಅಳಿಯುವುದಿಲ್ಲ. 2003ರಲ್ಲಿ ಇಂಥ ಜೌಗಿನಲ್ಲಿ ದೊರೆತ ಎರಡು ಶವಗಳು 2000 ವರ್ಷಗಳಿಗಿಂತ ಹಳೆಯವೆಂದು ಗೊತ್ತಾಯಿತು. ಒಂದರ ಬೆರಳಿನ ಉಗುರು, ಇನ್ನೊಂದರ ತಲೆಗೂದಲು ಹಾಗೆಯೇ ಇದ್ದವು. ಈಗ ಡಬ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿವೆ. ಆ ದೇಶದ ಓದುಗರು ಕಾದಂಬರಿಯಲ್ಲಿ ಜೌಗಿನ ಮಾತು ಬಂದೊಡನೆ ಕಿವಿ ನಿಮಿರಿಸುತ್ತಾರೆ. ಇಲ್ಲಿಯ ಓದುಗರು ಅದನ್ನು ಬರಿಯ ಪ್ರಕೃತಿ ವರ್ಣನೆಯೆಂದು ಹಾರಿಸಿಬಿಡದಿರಲಿ.

ಕೃತಿಯಲ್ಲಿ ಕುಂದುಗಳಿಲ್ಲವೆಂದಲ್ಲ. ಮಡದಿ ಮಗಳೊಡನೆ ಕ್ಯಾಲ್ ನಡೆಸುವ ದೂರವಾಣಿ ಸಂಭಾಷಣೆಗಳು ಹಳ್ಳಿಯ ಪುಟಗಳ ಮುಂದೆ ಪೇಲವವಾಗಿ ಕಾಣುತ್ತವೆ. ಹಳ್ಳಿಗರೆಲ್ಲರೂ ಒಂದೇ ಸಮನೆ ಚತುರೋಕ್ತಿಗಳನ್ನಾಡುವುದು ಕೆಲವೆಡೆ ಅತಿಯಾಯಿತೆನ್ನಿಸುತ್ತದೆ. ಎಂಥ ಹಳ್ಳಿಯಲ್ಲಿಯಾದರೂ ಮಂದಮತಿಗಳು ಒಬ್ಬಿಬ್ಬರು ಬೇಡವೆ? ಹೆಸರು ಕೂಡ ಅಮೆರಿಕದ ಪಶ್ಚಿಮದ ಕತೆಗಳನ್ನು ನೆನಪಿಗೆ ತರಲೆಂದೇ ಇಟ್ಟದ್ದು. ಜಾನ್ ಫೋರ್ಡ್ 1956ರಲ್ಲಿ ತೆಗೆದ ‘ದ ಸರ್ಚರ್ಸ್’ ಚಿತ್ರದ ನೆರಳು ಅದರ ಮೇಲಿದೆ. ಅದೇ ಫೋರ್ಡ್ 1952ರಲ್ಲಿ ‘ದ ಕ್ವಯೆಟ್ ಮ್ಯಾನ್’ ಎಂಬ ಚಿತ್ರವನ್ನು ಮೇಯೋದ ಕಾಂಗ್ ಹಳ್ಳಿಯಲ್ಲಿ ತೆಗೆದು, ಅಮೆರಿಕದಿಂದ ಬಂದವನಿಗೆ ಐರಿಷ್ ಹಳ್ಳಿ ತೋಳು ಚಾಚುವ ಸುಂದರ ಚಿತ್ರವನ್ನು ಜಗತ್ತಿಗೆಲ್ಲ ಹಂಚಿದ. ಫ್ರೆಂಚ್ ಆ ಚಿತ್ರಪಟವನ್ನು ತಿರುಗಿಸಿ ಅದರ ಬೆನ್ನನ್ನು ತೋರಿಸಿದ್ದಾಳೆಂದರೂ ನಡೆಯುತ್ತದೆ.

ಈ ಕುಂದುಗಳನ್ನೆಲ್ಲ ಮರೆಸುವುದು ಕ್ಯಾಲ್ ಮತ್ತು ಟ್ರೇ ಮೇಜನ್ನು ಉಜ್ಜುತ್ತ ಕುಳಿತಿರುವ ಪುಟಗಳು. ಮರದ ಎಳೆ ಯಾವ ಕಡೆಗಿದೆಯೋ ಆ ಕಡೆಗೇ ಕೈ ಹೋಗಬೇಕೆಂದು ಅವನು ಕಲಿಸುತ್ತಾನೆ. ಶಿಷ್ಟಾಚಾರ ಬೇರೆ, ನೀತಿ ಬೇರೆ ಎಂಬುದನ್ನು ತನಗೆ ತಿಳಿದಷ್ಟು ವಿವರಿಸುತ್ತಾನೆ. ಅದನ್ನು ಹೇಳುವಾಗ ತಾನು ಷಿಕಾಗೋದಲ್ಲಿ ಕಳೆದುಕೊಂಡದ್ದನ್ನು ತಾನೇ ಹುಡುಕುತ್ತಿರುವವನಂತೆ ತಡವರಿಸುತ್ತಾನೆ. ಕೊನೆಗೆ ಅವನ ಮುಂದೆ ನಿಲ್ಲುವ ಕಷ್ಟ ಪತ್ತೇದಾರನದಲ್ಲ, ಹಿರಿಯನದು. ನಿಜವನ್ನು ತಿಳಿಯುವ ಹಕ್ಕು ಆ ಮಗುವಿಗಿದೆ. ತಿಳಿದ ಮೇಲೆ ಆ ಊರಿನಲ್ಲಿಯೇ, ಅದೇ ಜನರ ನಡುವೆ, ಅದೇ ಅಂಗಡಿಗೆ ಹೋಗಿ ಬ್ರೆಡ್ಡು ಹಾಲು ತಂದುಕೊಂಡು ಬೆಳೆಯಬೇಕಾದದ್ದೂ ಆ ಮಗುವೇ. ಪೋಲೀಸಿಗೆ ಹೇಳಿದರೆ ನ್ಯಾಯ ಸಿಕ್ಕೀತು. ತಾಯಿಯೂ ಚಿಕ್ಕ ಮಕ್ಕಳೂ ಆ ಬೆಟ್ಟದ ಮೇಲೆ ಹೇಗೆ ಬದುಕಿಯಾರು? ಹೇಳದಿದ್ದರೆ 13ನೆಯ ವಯಸ್ಸಿನಲ್ಲಿ ಒಂದು ಜೀವಕ್ಕೆ ಊರಿನ ಮೌನದ ದೀಕ್ಷೆ ಕೊಟ್ಟಂತಾಯಿತು. ಕ್ಯಾಲ್ ಒಂದು ದಾರಿಯನ್ನು ಆರಿಸಿಕೊಳ್ಳುತ್ತಾನೆ. ಅದು ಸರಿಯೆಂದು ಲೇಖಕಿ ಎಲ್ಲಿಯೂ ಹೇಳುವುದಿಲ್ಲ.

ಸರಿಯೆಂದು ಆ ಮಗುವೂ ಒಪ್ಪಿರಲಿಲ್ಲವೆಂಬುದು 2024ರಲ್ಲಿ ಬಂದ ಮುಂದಿನ ಕಾದಂಬರಿ ‘ದ ಹಂಟರ್’ನಿಂದ ತಿಳಿಯುತ್ತದೆ. ಅಲ್ಲಿ ಎರಡು ವರ್ಷ ಕಳೆದಿವೆ. ಮಳೆಯ ನಾಡಿಗೆ ಅಪರೂಪದ ಸುಡುಬೇಸಗೆ ಬಂದಿದೆ. ಲಂಡನ್ನಿಗೆ ಓಡಿಹೋದ ಅಪ್ಪ ಊರಿನ ಹೊಲಗಳಲ್ಲಿ ಚಿನ್ನವಿದೆಯೆಂಬ ಕತೆಯನ್ನು ಹೊತ್ತುಕೊಂಡು ತಿರುಗಿ ಬಂದಿದ್ದಾನೆ. 15 ತುಂಬಿದ ಟ್ರೇ ತನ್ನ ಅಣ್ಣನ ಲೆಕ್ಕವನ್ನು ತೀರಿಸಲು ತನ್ನದೇ ದಾರಿಯನ್ನು ಹುಡುಕುತ್ತಿದೆ. ಎರಡನ್ನೂ ಓದುವ ಮನಸ್ಸುಳ್ಳವರು ಎರಡನೆಯದರ ಹೊದಿಕೆಯ ಮೇಲಿನ ಬರೆಹವನ್ನು ಮೊದಲು ಓದಬಾರದು. ಆ ಬರೆಹ ‘ದಿ ಸರ್ಚರ್’ನ ಒಂದು ಗುಟ್ಟನ್ನು ಬಯಲು ಮಾಡಿಬಿಡುತ್ತದೆ, ಅದು ಕೊಲೆಯ ಗುಟ್ಟಲ್ಲ, ಆದರೂ ತಾನಾಗಿ ಕಂಡುಕೊಂಡರೆ ಹೆಚ್ಚು ಸವಿ.